ಏಳನೆಯ ಹಲಗೆ

ದೋಣಿಗೆ ಸಿಡುಬು ಬಂದ ಹಾಗೆ ಕಾಣುತ್ತಿತ್ತು. ಮೈತುಂಬ ಸೀಮೆಸುಣ್ಣದ ಗುರುತುಗಳು, ಎಲ್ಲವೂ ಅಕ್ಕ ಹಾಕಿದವು.

ಅಕ್ಕ ಪಿಂಗಾಣಿ ಕಾರ್ಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಒಂದೇ ಕೆಲಸ ಮಾಡಿದವಳು. ಸಣ್ಣ ಮರದ ಕೋಲಿನಿಂದ ಬಟ್ಟಲನ್ನು ತಟ್ಟುವುದು, ಸದ್ದು ಕೇಳಿ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುವುದು. ಆ ಕಿವಿಯನ್ನೇ ನಂಬಿ ಅವಳ ತಮ್ಮ ಈ ಮುದಿ ಹಾಯಿದೋಣಿಯನ್ನು ಕೊಂಡಿದ್ದ. ಅವನು ಬಡಗಿ. ಚಿಕ್ಕಂದಿನಲ್ಲಿ ಬಿದ್ದ ಗುಂಡ ಎಂಬ ಹೆಸರು, ಐವತ್ತು ದಾಟಿ ಕಡ್ಡಿಯಂತಾದ ಮೇಲೂ ಅವನನ್ನು ಬಿಟ್ಟಿರಲಿಲ್ಲ. ನಲವತ್ತು ದಿನದ ಸಮುದ್ರಯಾನ, ಒಬ್ಬನೇ. ದೋಣಿ ಪರೀಕ್ಷಿಸುವ ತಜ್ಞನನ್ನು ಕರೆಸಿದರೆ ಅವನಿಗೆ ಕೊಡುವ ದುಡ್ಡಿಗೆ ಇನ್ನೊಂದು ದೋಣಿ ಬರುತ್ತಿತ್ತು.

"ತಜ್ಞ ಯಾಕೆ, ನೀನಿದೀಯಲ್ಲ," ಎಂದಿದ್ದ ಗುಂಡ. "ನೀನು ಆಯ್ತು ಅಂದ ದಿನ ಹೊರಡ್ತೀನಿ."

ಅಂದಿನಿಂದ 'ಆಯ್ತು' ಎನ್ನುವ ಆ ಒಂದು ಮಾತು ಅವಳ ಗಂಟಲಲ್ಲಿ ಮುಳ್ಳಿನ ಹಾಗೆ ಕೂತಿತ್ತು.

ಹಾಯಿಗೆ ಯಾವುದೋ ಅಂಗಡಿ ಮುಂದಿನ ಹಳೆಯ ಚಪ್ಪರದ ಬಟ್ಟೆಯ ತೇಪೆ. ಅವಳೇ ಹೊಲಿದದ್ದು, ಮೂರು ಸೂಜಿ ಮುರಿದು. ಮೀನುಗಾರರು ಬಿಟ್ಟ ಹಗ್ಗ, ಮನೆಯ ಬೀರುವಿನ ಹಿತ್ತಾಳೆ ತಿರುಪು.

"ಅರ್ಧ ಮನೆ ತೇಲಿ ಹೋಗ್ತಿದೆ," ಎಂದು ದೋಣಿ ನಿಲ್ಲಿಸಿದ ಅಂಗಳದ ಯಜಮಾನ ನಗುತ್ತಿದ್ದ. "ನೀವೂ ಹತ್ಬಿಡಿ ಅಮ್ಮ, ಪೂರ್ತಿ ಹೋದ ಹಾಗಾಗುತ್ತೆ."

ಗುರುತಿದ್ದ ಕಡೆ ಗುಂಡ ಕೊಳೆತ ಮರ ತೆಗೆದು ಹೊಸ ತುಂಡು ಕೂರಿಸುವನು. ಅವಳು ಮತ್ತೆ ತಟ್ಟಿ, ಸದ್ದು ಸರಿಯಿದ್ದರೆ ಗುರುತು ಒರೆಸುವಳು. ಗುರುತು ಕಡಿಮೆಯಾದಂತೆ ಅವಳ ನಿದ್ದೆಯೂ ಕಡಿಮೆಯಾಯಿತು. ಇನ್ನೆರಡು ವಾರದಲ್ಲಿ ಗಾಳಿ ದಿಕ್ಕು ಬದಲಿಸುತ್ತಿತ್ತು. ಅಷ್ಟರೊಳಗೆ ಹೊರಡದಿದ್ದರೆ ಮುಂದಿನ ವರ್ಷವೇ.

ಕೊನೆಯ ಗುರುತು ಒರೆಸಿದ ಬೆಳಗ್ಗೆ ಅವಳು ಎಡಬದಿಯ ಏಳನೆಯ ಹಲಗೆಯನ್ನು ತಟ್ಟಿದಳು. ಅದು ಸ್ಪಷ್ಟವಾಗಿ, ತಡವರಿಸದೆ ಉತ್ತರ ಕೊಟ್ಟಿತು. ಗಟ್ಟಿ ಮರ. ಅದರ ಮೇಲೊಂದು ಸೀಮೆಸುಣ್ಣದ ಗುರುತು ಎಳೆದು ಕೈ ಕೊಡವಿಕೊಂಡು ಬಂದಳು.

ಮಧ್ಯಾಹ್ನದ ಹೊತ್ತಿಗೆ ಗುಂಡ ಆ ಹಲಗೆಯಿಂದ ಎರಡು ಮೊಳದ ತುಂಡು ಕೊಯ್ದು ತೆಗೆದಿದ್ದ. ಕೀಳುವಾಗ ಅದು ಉದ್ದಕ್ಕೂ ಸೀಳಿತ್ತು. ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಗೀರಿದ, ಮೂಸಿದ.

"ಅಕ್ಕ, ಇದು ಕಬ್ಬಿಣದ ಹಾಗಿದೆ."

"ಹೌದಾ," ಎಂದಳು. ಹತ್ತಿರ ಬರಲಿಲ್ಲ.

"ಕಿವಿಗೂ ವಯಸ್ಸಾಗುತ್ತೆ. ನಿನ್ನ ತಪ್ಪಲ್ಲ ಬಿಡು." ಅವನ ದನಿಯಲ್ಲಿ ಕೋಪವಿರಲಿಲ್ಲ. "ಆದ್ರೆ ಸರಿಯಾಗಿರೋದು ಕೆಟ್ಟಿದೆ ಅಂತ ಕೇಳಿಸಿದ್ರೆ, ಕೆಟ್ಟಿರೋದು ಸರಿಯಿದೆ ಅಂತಾನೂ ಕೇಳಿಸಿರಬಹುದಲ್ಲ. ಯಾವ ಹಲಗೆ ನಂಬ್ಲಿ? ಈ ವರ್ಷ ಬೇಡ."

ಉಳಿಗಳನ್ನು ಎಣ್ಣೆಬಟ್ಟೆಯಲ್ಲಿ ಸುತ್ತತೊಡಗಿದ.

ಬೇಡಿದ್ದು ಅಂಗೈಗೇ ಬಂದು ಬಿದ್ದಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಸಾಕು. ಸಂಜೆ ಇಬ್ಬರೂ ಮನೆಗೆ ಹೋಗುವರು, ಅವನು ಯಾರದೋ ಕುರ್ಚಿಯ ಕಾಲು ಸರಿಮಾಡುತ್ತ ಕೂರುವನು, ಅವಳು ಎರಡು ತಟ್ಟೆ ಇಡುವಳು. ದಪ್ಪ ಉಳಿ ಸುತ್ತಾಯಿತು. ಸಣ್ಣದೂ ಆಯಿತು. ಆದರೆ ಮುಂದಿನ ವರ್ಷ? ಕೆಟ್ಟ ಕಿವಿಯೆಂದು ಅವಳನ್ನು ಕೇಳುವುದನ್ನೇ ಬಿಟ್ಟು, ಯಾವ ಹಲಗೆಯನ್ನೂ ತಟ್ಟಿಸದೆ ಹೊರಟುಬಿಟ್ಟರೆ?

"ಕಿವಿ ಸರಿಯಾಗೇ ಇದೆ ಗುಂಡ," ಎಂದಳು. "ಗೊತ್ತಿದ್ದೇ ಗುರುತು ಹಾಕ್ದೆ."

ಅವನ ಕೈ ನಿಂತಿತು. ಸೀಳಿದ ಹಲಗೆಯನ್ನು ಎತ್ತಿ ತಿರುವಿದ.

"ಒಳ್ಳೇ ಮರ. ನನ್ನ ಕೈಯಲ್ಲೇ ಕೀಳಿಸಿದೆ."

"ಹೂಂ."

"ಇಂಥವು ಇನ್ನೆಷ್ಟು?"

"ಇದೊಂದೇ."

"ನಂಬ್ಲಾ?"

"ನಂಬ್ಬೇಡ. ಒಳಗೆ ಹೋಗಿ ಹಲಗೆಗೆ ಕಿವಿ ಇಡು. ಹೊರಗಿಂದ ನಾನು ತಟ್ತೀನಿ, ನೀನೇ ಹೇಳು."

ಮೊದಲು ಕಿತ್ತೆಸೆದ ಕೊಳೆತ ತುಂಡೊಂದನ್ನು ತಟ್ಟಿ ಕೇಳಿಸಿದಳು, ಆಮೇಲೆ ಏಳನೆಯ ಹಲಗೆಯಲ್ಲಿ ಉಳಿದ ಭಾಗವನ್ನು. "ಇದು ಕೆಮ್ಮುತ್ತೆ, ಇದು ಮಾತಾಡುತ್ತೆ. ಗೊತ್ತಾಯ್ತಾ?"

ಗೊತ್ತಾಗಲಿಲ್ಲ. ದೋಣಿಯ ಒಳಗಿನಿಂದ, ಬಾವಿಯೊಳಗಿನಿಂದ ಬಂದಂತೆ, ಎಲ್ಲಾ ಒಂದೇ ಥರ ಇದೆ ಎಂದ.

"ಕಿವಿ ಯಾಕೆ ಇಟ್ಕೊಂಡಿದೀಯ, ಪೆನ್ಸಿಲ್ ಸಿಕ್ಕಿಸೋಕಾ?"

ಒಳಗಿನಿಂದ ನಗು ಕೇಳಿಸಿತು. ಅವಳು ಮುಂದಿನ ಹಲಗೆ ತಟ್ಟಿದಳು.

ಮರುದಿನ ಕೊಳೆತ ತುಂಡುಗಳನ್ನೂ ಬೆರೆಸಿ ತಟ್ಟಿದರೆ ಅವನು ಹತ್ತಕ್ಕೆ ಎಂಟು ಸರಿ ಹೇಳಿದ. ಕೊಯ್ದ ಜಾಗಕ್ಕೆ ಮರ ಎಲ್ಲಿಂದ ತರುವುದೆಂದು ಕೇಳಿದ.

"ಅಡುಗೆಮನೆ ಬಾಗಿಲು ಬಿಚ್ಕೋ."

"ಬಾಗಿಲಿಲ್ದೆ ಹೇಗಿರ್ತೀಯ?"

"ಒಬ್ಬಳೇ ಇರೋಳಿಗೆ ಒಳಗೊಳಗೆ ಬಾಗಿಲು ಯಾಕೋ?"

ಅವನು ಮನೆಗೆ ಹೋದ. ಬಾಗಿಲು ಬಿಚ್ಚಿದ.

ನಾಲ್ಕನೆಯ ದಿನ ಆ ತುಂಡು ಹಲಗೆಯಲ್ಲಿ ಕೂತಿತು. ಗುಂಡ ಒಳಗೆ ಹೋದ. ಅವಳು ತಟ್ಟಿದಳು.

"ಗಟ್ಟಿ."

ಅವಳು ಇನ್ನೊಮ್ಮೆ ತಟ್ಟಿದಳು.

"ಗಟ್ಟಿ ಅಂದ್ನಲ್ಲಕ್ಕ."

"ಕೇಳಿಸ್ತು."

ಮೆಟ್ಟಿಲು ಹತ್ತಿ, ಕಿಂಡಿಯಿಂದ ಕೋಲನ್ನು ಒಳಗೆ ಚಾಚಿದಳು. ಇಪ್ಪತ್ತೆಂಟು ವರ್ಷ ಅವಳ ಹೆಬ್ಬೆರಳು ಕೂತ ಕಡೆ ಅದು ಸವೆದು ತಗ್ಗಾಗಿತ್ತು. "ಇದು ನಿನ್ನ ಹತ್ರ ಇರ್ಲಿ. ದಿನಾ ಬೆಳಗ್ಗೆ ತಟ್ಟು, ಒಂದು ಹಲಗೇನೂ ಬಿಡ್ಬೇಡ."

ಅವನು ಕೋಲಿನ ಆ ಕಡೆಯ ತುದಿ ಹಿಡಿದ. ಅವಳು ಈ ತುದಿಯನ್ನು ಇನ್ನೂ ಬಿಟ್ಟಿರಲಿಲ್ಲ. ಅವನು ಎಳೆಯಲಿಲ್ಲ, ಕಾದ.

"ಆಯ್ತು," ಎಂದಳು ಅವಳು, ಬೆರಳು ಸಡಿಲಿಸಿ.