ಅಕ್ಕನ ದೀಪದ ಎಣ್ಣೆ

ಆಸ್ಪತ್ರೆಯಿಂದ ಫೋನು ಬಂದಾಗ ಗಾಣದ ಯಜಮಾನರು ಕೊಬ್ಬರಿ ಬಟ್ಟಲೊಂದನ್ನು ಕಿವಿಯ ಪಕ್ಕ ಹಿಡಿದು ಮುರಿಯುತ್ತಿದ್ದರು.

"ಚೆನ್ನಾಗಿ ಒಣಗಿದ್ರೆ ಟಕ್ ಅನ್ನುತ್ತೆ. ಈ ಕಿವಿಗೆ ಮೋಸ ಮಾಡೋ ಕೊಬ್ಬರಿ ಇನ್ನೂ ಹುಟ್ಟಿಲ್ಲ!"

"ಅದಿರಲಿ ಯಜಮಾನ್ರೇ, ನಿಮ್ಮ ಫೋನು ಆಗಿನಿಂದ ಬಡ್ಕೊಳ್ತಾ ಇದೆ," ಎಂದ ಗಿರಾಕಿ.

ಆಸ್ಪತ್ರೆಯಲ್ಲಿದ್ದ ಅವರ ಅಕ್ಕ ಹೋಗಿಬಿಟ್ಟಿದ್ದಳು. ಅಕ್ಕನ ಮಗಳು ಅಳುತ್ತಲೇ ಮತ್ತೆ ಮತ್ತೆ ಕೂಗಬೇಕಾಯಿತು. ಸಾವಿನ ಸುದ್ದಿಯನ್ನೂ ಕೂಗಿಸಿಕೊಂಡು ಕೇಳಿದ ಮಹಾಶಯ!

ಯಜಮಾನರ ಕಿವಿ ಮಂದವಾಗಿ ವರ್ಷಗಳೇ ಆಗಿದ್ದವು. ಇವರು ಕೊಬ್ಬರಿ ಮುರಿಯುವುದು, ಹಿಂದೆ ಮಣೆಯ ಮೇಲೆ ಕೂತ ಅಕ್ಕ ಕೇಳಿಸಿಕೊಂಡು ತಲೆಯಾಡಿಸುವುದು, ಇವರು ಗಂಭೀರವಾಗಿ ತೀರ್ಪು ಕೊಡುವುದು. ಗಾಣ ನಡೆದದ್ದೇ ಹೀಗೆ. ಜನ ಹೊಗಳಿದ್ದು ಇವರ ಕಿವಿಯನ್ನು. ಆ ಹೊಗಳಿಕೆ ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಅಂತ್ಯಕ್ರಿಯೆ ಮುಗಿದ ಮೇಲೆ, ಅಕ್ಕನ ಪಟದ ಮುಂದಿನ ದೀಪಕ್ಕೆ ತಾವೇ ತೆಗೆದ ಎಣ್ಣೆಯೇ ಆಗಬೇಕೆಂದು ಹಟ ಹಿಡಿದರು. ಹಿತ್ತಿಲಲ್ಲಿ ಅಕ್ಕ ನೆಟ್ಟಿದ್ದ ತೆಂಗಿನಮರದ ಕಾಯಿ ಒಡೆದು ಬಿಸಿಲಿಗೆ ಹಾಕಿದರು. ಕೆಲವು ದಿನ ಬಿಟ್ಟು ಒಂದು ಬಟ್ಟಲನ್ನು ಮುರಿದರು. ಏನೂ ಕೇಳಿಸಲಿಲ್ಲ. ಅಭ್ಯಾಸಬಲದಿಂದ ಹಿಂದೆ ತಿರುಗಿದರೆ ಖಾಲಿ ಮಣೆ.

"ಒಣಗಿದೆ!" ಎಂದು ಮಣೆಗೇ ತೀರ್ಪು ಕೊಟ್ಟರು.

ಆ ಎಣ್ಣೆಯ ದೀಪ ಚಟಪಟ ಸಿಡಿದು ಆರಿಹೋಯಿತು. ಮತ್ತೆ ಹಚ್ಚಿದರೂ ಅದೇ ಪಾಡು. ಅಕ್ಕನಿಗೊಂದು ದೀಪ ಹಚ್ಚಲಾರದವನು ಎಂಥ ಗಾಣದವನು?

"ಮಾವ, ಕೊಬ್ಬರಿ ಹಸಿ ಇತ್ತು. ಎಣ್ಣೇಲಿ ನೀರಿದೆ," ಎಂದಳು ಅಕ್ಕನ ಮಗಳು. "ನಿಮ್ಮ ಕಿವಿ ಏನು ಹೇಳ್ತು?"

"ಕಿವಿನಾ? ಅದನ್ನ ನಿಮ್ಮಮ್ಮ ಜೊತೇಲೇ ತಗೊಂಡು ಹೋದಳಲ್ಲೇ."

ಹುಡುಗಿ ಕಣ್ಣೊರೆಸಿಕೊಳ್ಳುತ್ತಲೇ ನಕ್ಕಳು. "ಗೊತ್ತು ಮಾವ. ಅಮ್ಮ ತಲೆಯಾಡಿಸೋದು ಎಲ್ಲರಿಗೂ ಕಾಣ್ತಿತ್ತು."

"ಗಿರಾಕಿಗಳಿಗೂ?"

"ಎಲ್ಲರಿಗೂ! ಗುಟ್ಟು ಅಂದ್ಕೊಂಡಿದ್ದು ನೀವೊಬ್ಬರೇ."

ಮಾನ ಹೋಯಿತೆನ್ನೋಣವೆಂದರೆ, ಇಷ್ಟು ದಿನ ಆ ಮಾನ ಕಾದವಳೂ ಅಕ್ಕನೇ.

ಮರುದಿನ ಹುಡುಗಿಯನ್ನು ಮಣೆಯ ಮೇಲೆ ಕೂರಿಸಿ, ಉಳಿದ ಕೊಬ್ಬರಿಯಲ್ಲಿ ಒಂದನ್ನು ಮುರಿದು ಹಿಂದೆ ತಿರುಗಿದರು. ಅವಳು ತಾಯಿಯಂತೆಯೇ ಅಡ್ಡಡ್ಡ ತಲೆಯಾಡಿಸಿದಳು. ಯಜಮಾನರು ಬಾಯ್ಮುಚ್ಚಿಕೊಂಡು ಕೊಬ್ಬರಿಯನ್ನು ಮತ್ತೆ ಬಿಸಿಲಿಗೆ ಹರವಿ, ಕೋಲು ಹಿಡಿದು ಕಾಗೆ ಓಡಿಸುತ್ತ ಕಾವಲು ಕೂತರು. ಕೊನೆಗೊಂದು ದಿನ ಅವಳು ಹೂಂ ಎಂದ ಮೇಲೆಯೇ ಗಾಣ ತಿರುಗಿತು.

ಸಂಜೆ ದೀಪ ಹಚ್ಚಿದರು.

"ಸಿಡೀತಾ ಇದೆಯೇನೇ?"

"ಇಲ್ಲ ಮಾವ. ಸದ್ದೇ ಇಲ್ಲ."

ಯಜಮಾನರು ಕೈಮುಗಿದರು. "ದೇವರೇ, ನನ್ನಕ್ಕನ ಆತ್ಮಕ್ಕೆ ಶಾಂತಿ ಕೊಡು. ಈ ಬಡಾಯಿಗಾರನಿಗಾಗಿ ಕಿವಿಗೊಟ್ಟು ಕೂತು ದಣಿದಿದ್ದಾಳೆ. ನಿನ್ನ ಪಾದದ ಹತ್ತಿರ ಇನ್ನು ಏನನ್ನೂ ಕೇಳಿಸಿಕೊಳ್ಳದೆ ನೆಮ್ಮದಿಯಾಗಿರಲಿ."