ಅಗಲ ತಳದ ಐರನ್

ನನ್ನ ಗಂಡನ ಅಕ್ಕ ಗಾಲ್ಫ್‌ನಲ್ಲಿ ಗೆದ್ದ ಕಪ್‌ಗಳಿಗಿಂತ ಅವರ ಐರನ್‌ಗಳಿಗೇ, ಅಂದರೆ ಚೆಂಡು ಹೊಡೆಯುವ ಕಬ್ಬಿಣದ ತಲೆಯ ಕೋಲುಗಳಿಗೇ, ನಮ್ಮ ಮನೆಯಲ್ಲಿ ಮರ್ಯಾದೆ ಹೆಚ್ಚು. ತೆಳ್ಳನೆಯ ತಲೆ, ಚಾಕುವಿನಂಥ ತಳ. ನಟ್ಟನಡುವೆ ಚೆಂಡು ತಾಗಿದರೆ ಬೆಣ್ಣೆ ಕತ್ತರಿಸಿದ ಹಾಗೆ, ಕೈಗೆ ಗೊತ್ತೇ ಆಗುವುದಿಲ್ಲ. ಬೆರಳಗಲ ಆಚೀಚೆಯಾದರೆ ತಲೆ ತಿರುಚಿಕೊಂಡು ಅಂಗೈ ಜುಮ್ಮೆನ್ನುತ್ತದೆ, ಚೆಂಡು ಅರ್ಧದಾರಿಯಲ್ಲೇ ಬೀಳುತ್ತದೆ.

ಮಗಳು ಕಾಲೇಜು ಸೇರಿದಾಗ ಅತ್ತಿಗೆ ಆ ಸೆಟ್ಟನ್ನು ಅವಳ ಕೈಗಿಟ್ಟರು. ಆ ವರ್ಷವೆಲ್ಲ ನಾನು ಒಗೆದ ಬಟ್ಟೆ ಪಕ್ಕಕ್ಕಿಟ್ಟು ಅವಳ ಅಂಗೈಯ ಬೊಬ್ಬೆಗಳಿಗೆ ಮುಲಾಮು ಸವರಿದ್ದೇ ಬಂತು.

ಒಂದು ದಿನ ಕ್ಲಬ್ಬಿನ ಅಂಗಡಿಯವರು ಇದನ್ನೂ ಆಡಿ ನೋಡು ಎಂದು ಬೇರೆ ಐರನ್ ಕೊಟ್ಟರಂತೆ. ಅದರ ಹಿಂಬದಿ ತೋಡಿದ ಹಾಗೆ ಟೊಳ್ಳು, ತೂಕವೆಲ್ಲ ಅಂಚಿನಲ್ಲಿ. ತಳ ಅಗಲ, ಹುಲ್ಲಿಗೆ ಕಚ್ಚದೆ ಜಾರುತ್ತದೆ. ಅಂದು ಅವಳು ಮುಲಾಮು ಕೇಳಲಿಲ್ಲ. ಮರುದಿನ ಅತ್ತಿಗೆಯ ಸೆಟ್ಟನ್ನು ಒರೆಸಿ, ಅವರ ಮನೆಗೇ ಹೋಗಿ ವಾಪಸ್ ಕೊಟ್ಟು ಬಂದಳು.

ಕ್ಲಬ್ಬಿನ ಮಹಿಳಾ ತಂಡ ಆರಿಸುವವರು ಅತ್ತಿಗೆಯೇ. ಒಂದು ಜಾಗ ಉಳಿದಿತ್ತು. ಅದಕ್ಕಾಗಿ ಮಗಳು ಎರಡು ವರ್ಷದಿಂದ ಕಾದಿದ್ದಳು. ಆಯ್ಕೆಯ ದಿನ ನಾನೂ ಹೋದೆ.

"ಸೌಟು ತಂದಿದ್ದೀಯಾ?" ಎಂದರು ಅತ್ತಿಗೆ, ಅವಳ ಕೈಯಲ್ಲಿದ್ದ ಅಗಲ ತಳದ ಐರನ್ ನೋಡಿ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ಇಲ್ಲಿ ನೆಲ ಡೊಂಕೇ ಇದೆಯಲ್ಲ ಅತ್ತೆ," ಎಂದಳು ಮಗಳು. ಉಳಿದ ಹುಡುಗಿಯರು ತಲೆ ತಗ್ಗಿಸಿ ನಕ್ಕರು.

ಹೊಡೆಯುವ ಮೊದಲು ಐರನ್ನಿನ ಮುಖಕ್ಕೆ ಪೌಡರ್ ಹಚ್ಚುವುದು ಅತ್ತಿಗೆಯ ಹಳೆಯ ಪದ್ಧತಿ. ಚೆಂಡು ತಾಗಿದ ಜಾಗ ಅಚ್ಚೊತ್ತಿ ಉಳಿಯುತ್ತದೆ. ಅಂದೂ ತಾವೇ ಹಚ್ಚಿ, ಕೊಳದಾಚೆಗೆ ಹೊಡೆ ಎಂದರು.

ಮಗಳು ಬೀಸಿದಳು. ಚೆಂಡು ಎತ್ತರಕ್ಕೇರಿ, ಕೊನೆಯಲ್ಲಿ ಸೋತ ಹಾಗೆ ಇಳಿದು, ನೀರು ದಾಟಿ ದಡದ ಹುಲ್ಲಿನ ಮೇಲೆ ಕೂತಿತು. ಅತ್ತಿಗೆ ಐರನ್ ತಿರುಗಿಸಿ ನೋಡಿದರು. ಗುರುತು ತುದಿಯ ಹತ್ತಿರವಿತ್ತು.

"ನಡುವಿಗೆ ತಾಗಿಲ್ಲ."

"ಇಲ್ಲ. ಆದ್ರೂ ದಾಟಿದೆ. ನಿಮ್ಮದರಲ್ಲಾಗಿದ್ರೆ ಮುಳುಗ್ತಿತ್ತು."

ತಮ್ಮ ಐರನ್ ಹಿಡಿದರೆ ಈಗಲೇ ಜಾಗ ಕೊಡುವುದಾಗಿ ಅತ್ತಿಗೆ ಹೇಳಿದರು.

"ನೀವು ಹತ್ತಕ್ಕೆ ಒಂಬತ್ತು ಸಲ ನಡುವಿಗೇ ಹೊಡೀತೀರಿ ಅತ್ತೆ. ಅದು ನಿಮಗೆ ಹೇಳಿ ಮಾಡಿಸಿದ್ದು. ನಾನು ಹಾಗೆ ಹೊಡೆಯಲ್ಲ. ಇದರ ಜೊತೆ ಕರೆದ್ರೆ ಬರ್ತೀನಿ. ಇಲ್ಲಾಂದ್ರೆ ಬೇಡ."

ಅತ್ತಿಗೆ ನನ್ನತ್ತ ತಿರುಗಿದರು. "ನೀನಾದ್ರೂ ಹೇಳಮ್ಮ."

ಈ ಮನೆ ಸೇರಿದಂದಿನಿಂದ ನಾನು ಅವರಿಗೆ ಎದುರಾಡಿದವಳಲ್ಲ. "ಅಂಗೈ ಅವಳದ್ದು ಅತ್ತಿಗೆ," ಎಂದೆ.

ಅವರು ಕೊಳದಾಚೆಯ ಚೆಂಡನ್ನು ಇನ್ನೊಮ್ಮೆ ನೋಡಿದರು. ಆಮೇಲೆ ಐರನ್ ಮಗಳ ಕೈಗೆ ಕೊಟ್ಟು, "ಶನಿವಾರ ಅಭ್ಯಾಸ. ಸೌಟು ಮರೆತು ಬಂದ್ರೆ ಒಳಗೆ ಬಿಡಲ್ಲ," ಎಂದು ನಡೆದರು.

ಮನೆಯಲ್ಲಿ ಒಂದು ಧೂಳಿನ ಕಣವನ್ನೂ ಉಳಿಸದ ನಾನು, ಆ ಪೌಡರಿನ ಗುರುತನ್ನು ಮಾತ್ರ ಶನಿವಾರದವರೆಗೆ ಒರೆಸಲಿಲ್ಲ.