ಹದಿನಾಲ್ಕನೇ ನಂಬರಿನ ರಕ್ತ

“ಮೊಟ್ಟೆ ಮಾರೋ ಮುಂಡೇರಿಗೆ ಹಿಂದಿನ ಗೇಟು ಅಂತ ಎಷ್ಟು ಸಲ ಬೊಗಳ್ಬೇಕೇ ನಾನು?”

ಕಾವಲುಗಾರ ಕೋಲನ್ನು ಇತೋಹನಳ ಎದೆಗೆ ಅಡ್ಡ ಹಿಡಿದಿದ್ದ. ಅಷ್ಟರಲ್ಲಿ ಕಾರೊಂದು ಬಂತು. ಅದೇ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಗ್ಗಿ, ಕಾರಿನಲ್ಲಿದ್ದ ಗಂಡ ಹೆಂಡತಿಗೆ ಸಲಾಮು ಹೊಡೆದ. ಅವರು ಹೋದಮೇಲೆ ಕೋಲು ಮತ್ತೆ ಇವಳ ಎದೆಗೇ ಬಂತು.

“ಮಾರೋಕೆ ಬಂದಿಲ್ಲ ಕಣಣ್ಣ. ಒಂದು ಮಾತು ಕೇಳೋಕೆ ಬಂದಿವ್ನಿ.”

“ಹಿಂದ್ಗಡೆ ಹೋಗಿ ಕೇಳು. ಇವತ್ತು ದೊಡ್ಡೋರ ಸಭೆ ಐತೆ.”

ಬೆನಿನ್ ಸಿಟಿಯ ಆ ಆಸ್ಪತ್ರೆಗೆ ಎರಡು ಬಾಗಿಲು. ಮಕ್ಕಳಿಲ್ಲದವರು ಮುಂದಿನಿಂದ ಬರಬೇಕು, ಅವರಿಗೆ ತಮ್ಮ ಒಡಲ ಮೊಟ್ಟೆ, ಅಂದರೆ ಅಂಡಾಣು, ಕೊಡುವ ಹುಡುಗಿಯರು ಹಿಂದೆ ಜನರೇಟರು ಇಟ್ಟಿರುವ ಕಡೆಯಿಂದ. ಒಬ್ಬರ ಮುಖ ಒಬ್ಬರು ನೋಡಕೂಡದು. ಎಂಟು ತಿಂಗಳ ಹಿಂದೆ ಇತೋಹನ್ ಹನ್ನೊಂದು ದಿನ ಆ ಹಿಂದಿನ ಬಾಗಿಲಲ್ಲೇ ಬಂದು ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡು ಹೋಗಿದ್ದಳು. ಮೊಟ್ಟೆ ತೆಗೆದ ದಿನ ಹೊಟ್ಟೆ ತಮಟೆಯಂತೆ ಉಬ್ಬಿತ್ತು. ಆವತ್ತೂ ಅವಳನ್ನು ಆ ಬಾಗಿಲಲ್ಲೇ ದಾಟಿಸಿ ಆಟೋಗೆ ಕೂರಿಸಿದ್ದರು.

ಜನರೇಟರಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೇಡಂ ಕ್ಯಾರೊ ಕೂತು ಹುರಿದ ಬಾಳೆಕಾಯಿ ತಿನ್ನುತ್ತಿದ್ದಳು. ಜಡೆ ಹೆಣೆಯುವ ಅಂಗಡಿಗಳಿಗೆ ನುಗ್ಗಿ, ಹುಡುಗಿಯರ ಮೈಕಟ್ಟು ನೋಡಿ, ಆಸ್ಪತ್ರೆಗೆ ಕರೆತರುವುದು ಅವಳ ಕಸುಬು. ಇತೋಹನ್ ಸಿಕ್ಕಿದ್ದೂ ಹಾಗೇ, ಬೆರಳ ತುಂಬ ಎಣ್ಣೆ, ಕಂಕುಳಲ್ಲಿ ಬಾಚಣಿಗೆ.

“ಏನೇ ಮಗಳೇ, ಇನ್ನೊಂದ್ಸಲ ಕೊಡ್ತೀಯಾ? ಮೈ ತುಂಬ್ಕೊಂಡಿದ್ದೀಯ!”

“ತುಂಬೈತೆ ಆಂಟಿ. ನಾಕು ತಿಂಗ್ಳು.” ಇತೋಹನ್ ಬುಟ್ಟಿಯಿಂದ ಎರಡು ಕಾಗದ ತೆಗೆದಳು. “ಇದು ನಿಮ್ಮಾಸ್ಪತ್ರೇದು. ಇದು ಚರ್ಚಿಂದು. ಎರಡ್ರಾಗೆ ನಾನ್ಯಾರು ಅಂತ ಹೇಳು.”

ಆ ಊರಲ್ಲಿ ಹುಡುಗ ಹುಡುಗಿ ಹೆಸರು ಕೇಳಿಕೊಂಡಮೇಲೆ ಕೇಳುವ ಎರಡನೇ ಮಾತೇ ರಕ್ತದ್ದು. ಎಎ ಅಂದರೆ ಯಾರನ್ನಾದರೂ ಮದುವೆಯಾಗು, ಚಿಂತೆಯಿಲ್ಲ. ಎಎಸ್, ಅಂದರೆ ರೋಗದ ಬೀಜ ರಕ್ತದಲ್ಲಿ ಅಡಗಿರುವವರು, ಆದರೆ ಇನ್ನೊಬ್ಬ ಎಎಸ್‌ನವರ ಹತ್ತಿರ ಸುಳಿಯಬಾರದು, ಸುಳಿದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲೊಂದು ಪಾಲು ಸಿಕಲ್ ರೋಗದ್ದು. ಇತೋಹನಳ ತಮ್ಮ ಎಘೋಸಾ ಅದರಲ್ಲೇ ಹೋದ. ಸ್ವಲ್ಪ ಚಳಿ ಬಿದ್ದರೂ ಮೂಳೆ ಮೂಳೆಯೂ ನೋವು. ಇವಳು ಬಿಸಿನೀರಿನ ಬಟ್ಟೆ ಒತ್ತುತ್ತಿದ್ದರೆ, “ಅಕ್ಕಾ, ಕಾಲು ಕಿತ್ತಾಕೇ” ಅಂತ ಚೀರುತ್ತಿದ್ದ. ಒಂಬತ್ತು ವರ್ಷವೂ ತುಂಬಿರಲಿಲ್ಲ.

ಅದಕ್ಕೇ ಟೈರು ಪಂಚರಿನ ಅಂಗಡಿಯ ಒಸಾಸು ತಾನು ಎಎಸ್ ಅಂದಾಗ ಇವಳು ಎದ್ದು ಬಂದಿದ್ದಳು. ಪರೀಕ್ಷೆ ಮಾಡಿಸಿಕೊಳ್ಳಲು ಧೈರ್ಯವೇ ಇರಲಿಲ್ಲ. ಎರಡು ವರ್ಷ ಅವನು ಹಿಂದೆ ಬಿದ್ದ, ಇವಳು ಒಳಗೊಳಗೇ ಅತ್ತಳು, ಆದರೆ ಬಾಗಿಲು ತೆರೆಯಲಿಲ್ಲ. ಕೊನೆಗೆ ಈ ಆಸ್ಪತ್ರೆಯೇ ರಕ್ತ ತೆಗೆಯಿತು. “ನೀನು ಎಎ ಕಣೇ, ಚಿನ್ನ!” ಅಂತ ತಬ್ಬಿಕೊಂಡವಳು ಇದೇ ಮೇಡಂ ಕ್ಯಾರೊ. ಅಷ್ಟು ದೊಡ್ಡ ಆಸ್ಪತ್ರೆ, ಅಷ್ಟು ದಪ್ಪ ಮುದ್ರೆ. ಇತೋಹನ್ ಕಾಲಿಗೆ ಬಿದ್ದು ಮೇಲೆ ಹದಿನಾಲ್ಕನೇ ನಂಬರು ಅಂತಿದ್ದ ಆ ಕಾಗದದ ಒಂದು ನಕಲು ಕೇಳಿ ಪಡೆದಳು, ಹೊಟ್ಟೆಯ ಉಬ್ಬರ ಇಳಿದ ದಿನವೇ ಒಸಾಸುವಿನ ಅಂಗಡಿಗೆ ಓಡಿದಳು.

ಹೋದ ಭಾನುವಾರ ಪಾದ್ರಿ ಇಬ್ಬರನ್ನೂ ಕೂರಿಸಿಕೊಂಡು, “ಮದುವೆಗೆ ಮುಂಚೆ ಚರ್ಚು ಮಾಡಿಸುವ ರಕ್ತಪರೀಕ್ಷೆಯಲ್ಲಿ ಇಬ್ಬರೂ ಎಎಸ್. ಈ ಮದುವೆ ನಾನು ಮಾಡಿಸಲಾರೆ” ಅಂದರು. ಸಡಿಲ ಅಂಗಿಯ ಕೆಳಗಿನ ಹೊಟ್ಟೆ ಅವರಿಗೆ ಕಂಡಿರಲಿಲ್ಲ. ಒಸಾಸು ಅವತ್ತು ಹಾಕಿದ ಅಂಗಡಿಯ ಬಾಗಿಲು ಇನ್ನೂ ತೆಗೆದಿಲ್ಲ.

ಮೇಡಂ ಕ್ಯಾರೊ ಎರಡೂ ಕಾಗದ ನೋಡಿದಳು, ಬೆರಳು ನೆಕ್ಕಿಕೊಂಡಳು.

“ಅಯ್ಯೋ ಪೆದ್ದಿ! ಈ ಕಾಗದ ನಂಬ್ಕೊಂಡು ಗಂಡಸಿನ ಪಕ್ಕ ಮಲ್ಗಿದ್ಯಾ? ಇದು ನಿನಗಂತ ಬರೆದಿದ್ದಲ್ವೇ. ಗಿರಾಕಿಗಂತ ಬರೆದಿದ್ದು. ಅದ್ರಲ್ಲಿ ನೀನು ಯೂನಿವರ್ಸಿಟೀಲಿ ಓದ್ತೀಯ ಅಂತಾನೂ ಬರೆದಿದೆ. ಹೋಗಿ ಕ್ಲಾಸಲ್ಲಿ ಕೂತ್ಕೊಂಡ್ಯಾ?”

“ನೀನೇ ತಬ್ಕೊಂಡು ಹೇಳಿದ್ಯಲ್ಲ ಆಂಟಿ...”

“ನಿನ್ನ ಮೊಟ್ಟೆ ತಗೊಂಡ ಗಂಡ ಹೆಂಡ್ತಿ ಇಬ್ರೂ ಎಎಸ್. ಎರಡು ಕೂಸು ಮಣ್ಣು ಮಾಡಿದ್ದಾರೆ. ಎಎ ಹುಡುಗೀದೇ ಮೊಟ್ಟೆ ಬೇಕು ಅಂತ ಕೂತ್ರು. ಆ ವಾರ ನನ್ನ ಕೈಲಿದ್ದೋಳು ನೀನೊಬ್ಳೇ. ಏನ್ಮಾಡ್ಲಿ, ಹೊಸಾ ಹುಡುಗೀನ ಹೆತ್ತುಕೊಡ್ಲಾ?”

“ಆಯಮ್ಮಂಗೆ ನಿಂತೈತಾ?”

“ಏಳು ತಿಂಗಳು ತುಂಬಿದೆ. ಒಳಗಡೆ ಕೂತು ಡಾಕ್ಟರನ್ನ ಹೊಗಳ್ತಾಳೆ ಇವತ್ತು. ನಿನಗ್ಯಾಕೆ? ಹೋಗು, ನಿನ್ನದನ್ನ ಬೇಗ ತೆಗೆಸ್ಕೋ.”

ಥೂ, ಹಾಳಾದವಳು! ಮಗಳೇ ಅಂದ ಬಾಯಲ್ಲೇ ಅಂದಳಲ್ಲ. ಇತೋಹನ್‌ಗೆ ಅವಳ ಜುಟ್ಟು ಹಿಡಿದು ಬಿಸಿಬಿಸಿ ಜನರೇಟರಿಗೆ ಮುಖ ಒತ್ತಬೇಕು ಅನ್ನಿಸಿತು. ಒತ್ತಲಿಲ್ಲ. ಅಡುಗೆಮನೆಯ ಹೆಂಗಸು ಮಾಂಸದ ಕಡುಬಿನ ತಟ್ಟೆಗಳನ್ನು ಹೊತ್ತು ಸಭೆಯ ಕಡೆ ಹೊರಟಿದ್ದಳು. “ಕೊಡಕ್ಕ, ಒಂದು ನಾನು ಹೊರ್ತೀನಿ” ಅಂದಳು ಇತೋಹನ್. ತಟ್ಟೆ ಕೈಲಿದ್ದವಳ ಮುಖ ಯಾರೂ ನೋಡಲಿಲ್ಲ.

ಒಳಗೆ ತಣ್ಣಗಿತ್ತು. ನಲವತ್ತು ಜೋಡಿಯಾದರೂ ಇದ್ದವು. ಡಾಕ್ಟರ್ ಐಗ್ಬೆ ಮೈಕು ಹಿಡಿದು, ದಾನಿ ಮೊಟ್ಟೆಯಿಂದ ಮಗು ಪಡೆಯುವ ದಂಪತಿ ಏನೇನು ತಿಳಿದಿರಬೇಕು ಅಂತ ಬಿಡಿಸಿ ಹೇಳುತ್ತಿದ್ದರು. “ಮೊಟ್ಟೆ ಅವಳದು, ಬೀಜ ನಿಮ್ಮ ಯಜಮಾನರದು, ಹೊರುವ ತಾಯಿ ನೀವೇ. ದಾನಿಯ ಹೆಸರು ನಿಮಗೆ ಗೊತ್ತಾಗುವುದಿಲ್ಲ, ಒಂದು ನಂಬರ್ ಮಾತ್ರ. ಎಲ್ಲರೂ ವಿದ್ಯಾವಂತೆಯರು, ಎಲ್ಲ ಪರೀಕ್ಷೆಯೂ ಆಗಿರುತ್ತದೆ. ನೀವು ಅವಳನ್ನು ನೋಡಬೇಕಾಗಿಲ್ಲ. ಅವಳ ಕಾಗದ ನೋಡಿದರೆ ಸಾಕು.”

ತಟ್ಟೆ ಮೇಜಿಗೆ ಬಡಿಯಿತು. ಕಡುಬುಗಳು ಉರುಳಿದವು.

“ನನ್ನೇ ನೋಡ್ರಪ್ಪ! ನಾನು ಹದಿನಾಲ್ಕನೇ ನಂಬರು. ಜಡೆ ಹಾಕೋಳು. ಕಾಗದದಾಗೆ ಎಎ ಅಂತ ಬರೆದವ್ರೆ. ನನ್ ರಕ್ತ ಎಎಸ್ಸು!”

“ಯಾರಿವಳು? ಹುಚ್ಚಿ! ಸೆಕ್ಯೂರಿಟಿ!”

ಕಾವಲುಗಾರ ಓಡಿಬಂದು ತೋಳು ಹಿಡಿದು ದರದರ ಎಳೆದ. ಅವಳು ಚರ್ಚಿನ ಕಾಗದವನ್ನು ಮೇಲಕ್ಕೆ ಹಿಡಿದೇ ಇದ್ದಳು. “ಹದಿನಾಲ್ಕು! ಹದಿನಾಲ್ಕು ಯಾರತ್ರ ಐತೆ?”

ಮೊದಲ ಸಾಲಿನಲ್ಲಿ, ನೀಲಿ ಲೇಸಿನ ಉಡುಪು ತೊಟ್ಟು, ತಲೆಗೆ ಅದೇ ಬಣ್ಣದ ರುಮಾಲು ಸುತ್ತಿದ್ದ ಹೆಂಗಸು ಕುರ್ಚಿ ಹಿಡಿದು ನಿಧಾನವಾಗಿ ಎದ್ದಳು. ಬೆನ್ನು ಹಿಂದಕ್ಕೆ ಬಾಗಿಸದೆ ನಿಲ್ಲಲಾಗದಷ್ಟು ಹೊಟ್ಟೆ.

“ಬಿಡೋ ಅವಳನ್ನ.”

“ಮೇಡಂ, ನೀವು ಕೂತ್ಕೊಳ್ಳಿ, ಬಿ.ಪಿ. ಏರುತ್ತೆ” ಅಂದರು ಡಾಕ್ಟರು.

“ಬಿಡೋ ಅಂದೆ!”

ಕೈ ಸಡಿಲಾಯಿತು. ಆಕೆ ಚೀಲ ತೆರೆದು, ನಾಲ್ಕು ಮಡಿಕೆಯ ಕಾಗದ ಬಿಚ್ಚಿ, ಮೇಲಿನ ಅಂಕಿಯನ್ನು ಬೆರಳಿಟ್ಟು ನೋಡಿದಳು. ಗಂಡ ಕಿತ್ತುಕೊಂಡು ನೋಡಿದ. ಅವನು ಅಲ್ಲೇ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅವಳು ಕೂರಲಿಲ್ಲ. ಇತೋಹನಳ ಹತ್ತಿರ ಬಂದಳು, ಎಳೆದಾಟದಲ್ಲಿ ಮೈಗೆ ಅಂಟಿದ ಅಂಗಿಯನ್ನು ನೋಡಿದಳು.

“ನಿನಗೂ?”

“ನಾಕು ತಿಂಗ್ಳು ಅಕ್ಕ.”

“ಅವನೇನು?”

“ಎಎಸ್ಸೇ. ನಾನೂ ಅದೇ ಕಾಗದ ನಂಬ್ದೆ.”

ಆಕೆ ಇತೋಹನಳ ಮುಂಗೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದುಕೊಂಡು ಸಭೆಯ ಕಡೆ ತಿರುಗಿದಳು.

“ಎಲ್ರೂ ನಿಮ್ಮ ನಿಮ್ಮ ಕಾಗದ ತೆಗೀರಿ.”

ಡಾಕ್ಟರು ಮೈಕಿನಲ್ಲಿ ಏನೋ ಹೇಳುತ್ತಿದ್ದರು. ಹಿಂದಿನ ಸಾಲಲ್ಲಿ ಒಂದು ಚೀಲದ ಜಿಪ್ಪು ಸರಕ್ಕೆಂದಿತು, ಆಮೇಲೆ ಇನ್ನೊಂದು, ಆಮೇಲೆ ಎಲ್ಲ ಕಡೆಯಿಂದಲೂ.